ಕರಿಯನ ಹೆಗಲಿನ ಕೇಸು

ಹೊಸ ಚಪ್ಪಲಿ ಕಡಿದರೆ ಮನುಷ್ಯ ಏನೆಲ್ಲ ಮಾಡುತ್ತಾನೆ, ನೋಡಿದ್ದೀರಲ್ಲ? ಕುಂಟುತ್ತಾನೆ, ಮಾರಿದ ಅಂಗಡಿಯವನನ್ನು ಬೈಯುತ್ತಾನೆ, ಎಣ್ಣೆ ಹಚ್ಚುತ್ತಾನೆ, ಕೊನೆಗೆ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆಗೆ ಬರುತ್ತಾನೆ. ನೊಗ ಕಡಿದ ಎತ್ತಿಗೆ ಈ ಯಾವ ಸೌಲಭ್ಯವೂ ಇಲ್ಲ. ಅದು ನಮ್ಮನ್ನು ವಂಶಸಮೇತ ಬೈದರೂ ನಮಗೆ 'ಅಂಬಾ' ಎಂದೇ ಕೇಳುತ್ತದೆ. ಮೂರನೇ ಕ್ಲಾಸಿಗೆ ಓದು ಬಿಟ್ಟ ನನಗೆ ಇದಕ್ಕಿಂತ ದೊಡ್ಡ ವೇದಾಂತ ತಿಳಿಯದು. ಇದಾದರೂ ತಿಳಿದದ್ದು ಒಬ್ಬ ದನದ ಡಾಕ್ಟರ ದೆಸೆಯಿಂದ.

ಹೊಸೂರಿನಲ್ಲಿ ಫ್ಯಾಕ್ಟರಿಗಳು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲ. ಕೆಲಮಂಗಲದ ಹತ್ತಿರದ ನಮ್ಮ ಹಳ್ಳಿಗೆ ಆ ಡಾಕ್ಟರು ಸೈಕಲ್ಲಿನಲ್ಲಿ ಬರುತ್ತಿದ್ದರು. ನಮ್ಮ ಎತ್ತು ಕರಿಯನ ಹೆಗಲು ಮಾಗಿದ ಸೀಬೆಹಣ್ಣಿನಂತೆ ಬಿರಿದಿತ್ತು. ಅವರು ನೇರಳೆ ಬಣ್ಣದ ಔಷಧಿ ಹಚ್ಚಿ, "ಗಾಯ ಮಾಯೋ ತನಕ ನೊಗಕ್ಕೆ ಕಟ್ಬೇಡಿ" ಎಂದರು. ನಮ್ಮ ಯಜಮಾನರು ತಲೆಯಾಡಿಸಿದರು. ಮಾರನೆಯ ದಿನವೇ ನೊಗ ಹೂಡಿದರು. ಡಾಕ್ಟರು ಎರಡು ಸಲ ಮುಖದೆದುರೇ ಎಚ್ಚರಿಸಿ, ಮೂರನೆಯ ಸಲ ಪೊಲೀಸರಿಗೆ ಬರೆದು ಹಾಕಿದರು. ಊರವರು ಅದನ್ನು ಚಾಡಿ ಎಂದರು. ಚಾಡಿ ಹೇಳುವವರು ಮುಖಕ್ಕೆ ಎರಡು ಸಲ ಹೇಳಿ ಹೋಗುತ್ತಾರೆಯೇ?

ಏಟಯ್ಯ, ಅಂದರೆ ಹೆಡ್ ಕಾನ್‌ಸ್ಟೇಬಲ್ಲು, ವಿಚಾರಣೆಗೆ ಬಂದ. ಸಾಕ್ಷಿ ಯಾರು ಎಂದ ಕೂಡಲೇ ಕಟ್ಟೆಯ ಮೇಲೆ ಕೂತವರೆಲ್ಲ ಎತ್ತು ಎಂಬ ಪ್ರಾಣಿಯನ್ನೇ ಕಂಡರಿಯದವರಾದರು.

"ನಾನು ನೋಡಿದೀನಿ, ಬರ್ಕೊಳಿ," ಎಂದೆ.

"ಕಟ್ಕೊಂಡ ಗಂಡನ ಮೇಲೇನಮ್ಮಾ?"

"ಗಂಡ ಅಂತ ಗಾಯ ಇಲ್ಲ ಅನ್ನಕ್ಕಾಗ್ತದಾ?"

ಎತ್ತಿನ ಮೇಲೆ ನನಗೆ ಪ್ರೀತಿ ಉಕ್ಕಿ ಹರಿದಿತ್ತು ಎಂದುಕೊಳ್ಳಬೇಡಿ. ಆಗ ದನ ಕಟ್ಟುತ್ತಿದ್ದುದು ಮನೆಯೊಳಗೇ. ಕರಿಯನ ಹುಣ್ಣಿನ ಮೇಲೆ ಕೂತ ನೊಣವೇ ನನ್ನ ಮುದ್ದೆಯ ಮೇಲೂ ಕೂರುತ್ತಿತ್ತು. ಧರ್ಮಕ್ಕೆ ಇಷ್ಟು ಕಾರಣ ಸಾಲದೇ?

ಡಾಕ್ಟರು ಸರಿ ಎನ್ನುವವರೆಗೆ ಹೂಡಿದರೆ ಕೋರ್ಟಿಗೆ ಎಳೆಯುತ್ತೇನೆಂದು ಹೇಳಿ ಏಟಯ್ಯ ಹೋದ. ಯಜಮಾನರು ನನ್ನೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಎತ್ತಿನ ಮೂಲಕ ಹೇಳಿಸುತ್ತಿದ್ದರು: "ಲೋ ಕರಿಯಾ, ನಿಮ್ಮಮ್ಮಂಗೆ ಹೇಳ್ಲಾ, ಸಾರಿಗೆ ಉಪ್ಪಿಲ್ಲ." ನಾನೂ ಬಿಡಲಿಲ್ಲ: "ಉಪ್ಪು ಅಲ್ಲೇ ಐತೆ, ಕೈಯೂ ಐತೆ ಅನ್ನು ಕರಿಯಾ." ನಡುವೆ ನಿಂತು ಮೆಲುಕು ಹಾಕುತ್ತಿದ್ದ ಕರಿಯನಷ್ಟು ಘನತೆಯ ಮಧ್ಯಸ್ಥನನ್ನು ಯಾವ ಪಂಚಾಯಿತಿಯಲ್ಲೂ ನಾನು ಕಂಡಿಲ್ಲ.

ಅಷ್ಟರಲ್ಲಿ ಮಳೆ ಬಿತ್ತು. ರಾಗಿ ಬಿತ್ತುವ ಹದ ಮೂರು ದಿನ ನಿಂತರೆ ಹೆಚ್ಚು. ಊರ ಎತ್ತುಗಳೆಲ್ಲ ಅವರವರ ಹೊಲದಲ್ಲಿದ್ದವು. ಕರಿಯನ ಜೋಡಿ ಎತ್ತು ಬಿಳಿಯ ಒಂಟಿ. ಯಜಮಾನರು ಕರಿಯನನ್ನೂ ನೋಡಿದರು, ನನ್ನನ್ನೂ ನೋಡಿದರು. "ಅದೇನು ಮಹಾ ಭಾರ? ನಾನೇ ಹೊರ್ತೀನಿ!" ಎಂದು ಕರಿಯನ ಜಾಗಕ್ಕೆ ತಮ್ಮ ಹೆಗಲು ಕೊಟ್ಟೇಬಿಟ್ಟರು. ನೇಗಿಲು ಹಿಡಿಯುವ ಪಾಲು ನನ್ನದಾಯಿತು. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಬರುವುದಿಲ್ಲವಂತೆ. ಬಂದಾಗಿದೆಯಲ್ಲ, ಇನ್ನೇನು ಎಂದು ಹಿಡಿದೆ.

ಬಿಳಿಯನಿಗೆ ಪಕ್ಕದಲ್ಲಿರುವುದು ಮನೆಯ ಯಜಮಾನ ಎಂಬ ಗೌರವ ಇರಲಿಲ್ಲ. ನೆಟ್ಟಗೆ ಎಳೆದುಕೊಂಡು ಹೊರಟ. ಇವರು ಎರಡು ಹೆಜ್ಜೆ ನಡೆದು, ನಾಲ್ಕು ಹೆಜ್ಜೆ ತೇಲಿದರು. ಅಭ್ಯಾಸದ ಬಲದಿಂದ ನನ್ನ ಬಾರುಕೋಲು ಒಮ್ಮೆ ಎಡಕ್ಕೂ ಬಿತ್ತು. ಎಡಗಡೆ ಇದ್ದದ್ದು ಇವರು.

"ಲೇ, ನಾನು ಕಣೇ!"

ನಾಲ್ಕು ದಿನಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

ಬದುವಿನ ಮೇಲೆ ಸೈಕಲ್ಲು ನಿಂತಿತ್ತು. ಯಜಮಾನರು ಏದುಸಿರಿನಲ್ಲೇ ಕೂಗಿದರು: "ಬರ್ಕೊಳಿ ಸಾರ್! ಇದ್ರ ಮೇಲೂ ಕೇಸು ಹಾಕಿ!"

"ಮನುಷ್ಯರದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲಪ್ಪಾ," ಎಂದರು ಡಾಕ್ಟರು, ನಗು ತಡೆದುಕೊಂಡು.

ಒಂದೂವರೆ ಸುತ್ತು ಉಳುವಷ್ಟರಲ್ಲಿ ಇವರು ಕುಸಿದು ಕೂತರು. ಹೆಗಲಿನ ಚರ್ಮ ಕಿತ್ತು ಬಂದಿತ್ತು. ಡಾಕ್ಟರು ಅದೇ ನೇರಳೆ ಔಷಧಿಯನ್ನು, ಅದೇ ಬಾಟಲಿಯಿಂದ, ಅದೇ ಜಾಗಕ್ಕೆ ಬಳಿದರು. ಹೊಟ್ಟೆ ಹಿಡಿದು ನಕ್ಕ ಪಾಪಕ್ಕೋ ಏನೋ, ಪಕ್ಕದ ಹೊಲದವರು ಸಂಜೆ ತಮ್ಮ ಎತ್ತು ಕೊಟ್ಟರು, ಬಿತ್ತನೆ ಮುಗಿಯಿತು. ಇವರು ಮಾತ್ರ ಆ ನೊಗವನ್ನು ತಿರುವಿ ತಿರುವಿ ನೋಡಿ, ಒಳಮೈಯಲ್ಲಿದ್ದ ಗಂಟೊಂದನ್ನು ಬಾಚಿಯಿಂದ ಕೆತ್ತಿ, ಹಳೆಯ ಕಂಬಳಿಯ ತುಂಡು ಸುತ್ತಿಟ್ಟರು. ಏಕೆಂದು ನಾನು ಕೇಳಲಿಲ್ಲ. ಗಂಡಸರಿಗೆ ಬುದ್ಧಿ ಬರುವಾಗ ಸದ್ದು ಮಾಡಬಾರದು, ಹೆದರಿ ಓಡಿಹೋಗುತ್ತದೆ.

ಹದಿನೈದು ದಿನ ಬಿಟ್ಟು ಡಾಕ್ಟರು ಬಂದು, ಕರಿಯನ ಹೆಗಲು ಒತ್ತಿ ನೋಡಿ, ಸಂತೋಷದಿಂದ, "ಮಾಯ್ದಿದೆ. ನಾಳೆಯಿಂದ ಕಟ್ಟಬಹುದು," ಎಂದು ಪುಸ್ತಕ ತೆಗೆದರು.

ಯಜಮಾನರು ತಮ್ಮ ಹೆಗಲನ್ನು ಮೆಲ್ಲಗೆ ಸವರಿಕೊಂಡರು.

"ಇನ್ನೊಂದು ವಾರ ಬುಟ್ಬುಡಿ ಸಾರ್. ಮೇಲೆ ಚರ್ಮ ಬಂದಂಗೆ ಕಾಣ್ತದೆ. ಒಳಗಿನ್ನೂ ಉರೀತದೆ."