ಒಂದೂವರೆ ಇಂಚು ಅಕ್ರೋಟು

ಬೆಳಿಗ್ಗೆ ಎದ್ದವಳೇ ಕಸದ ಕಪ್ಪು ಬಿನ್ ಹೊರಗಿಟ್ಟೆ. ಎದುರುಮನೆಯವರು ಹಸಿರು ಬಿನ್ ಇಟ್ಟದ್ದನ್ನು ನೋಡಿ ಕಪ್ಪನ್ನು ಒಳಗೆಳೆದು ಹಸಿರನ್ನು ಇಟ್ಟೆ. ಎಂಟಕ್ಕೆ ಸರಿಯಾಗಿ ಜಿಪಿಗೆ, ಅಂದರೆ ನಮ್ಮ ಬಡಾವಣೆಯ ಡಾಕ್ಟರಿಗೆ, ಫೋನ್ ಹಚ್ಚಿ, ಸರದಿಯಲ್ಲಿ ಹನ್ನೊಂದನೆಯವಳಾಗಿ ನಿಂತು, ನನ್ನ ಪಾಳಿ ಬರುವಷ್ಟರಲ್ಲಿ ಜೋಳದ ಹಿಟ್ಟು ಜರಡಿ ಹಿಡಿದು ಮುಗಿಸಿದೆ. ಬದನೆಕಾಯಿ ತಂದೆ. ಮಗಳು ಲೆಮಿಂಗ್ಟನ್ ಸ್ಪಾ ಎಂಬ ಊರಿನಿಂದ ಮಧ್ಯಾಹ್ನ ಬರುವವಳಿದ್ದಳು, ಅವಳ ಕೋಣೆಯ ಹಾಸಿಗೆಯ ಹೊದಿಕೆ ಬದಲಾಯಿಸಿದೆ. ಕಡೆಗೆ, ಯಾರೂ ಹೇಳದಿದ್ದರೂ, ಗ್ಯಾರೇಜು ಗುಡಿಸಲು ಹೋದೆ. ಮೂಲೆಯಲ್ಲಿದ್ದ ತಗಡಿನ ಡಬ್ಬಿಯೊಂದು ಪೊರಕೆ ತಾಗಿ ಉರುಳಿತು, ಮುಚ್ಚಳ ಕಳಚಿತು, ತಳದಲ್ಲಿ ಉಳಿದಿದ್ದ ಅಗಸೆ ಎಣ್ಣೆಯ ವಾಸನೆ ಎದ್ದಿತು.

ಅಗಸೆಯ ವಾಸನೆಗೆ ಧಾರವಾಡದ ಕಡೆಯ ಹೆಂಗಸಿಗೆ ನೆನಪಾಗಬೇಕಾದದ್ದು ಚಟ್ನಿ: ಹುರಿದ ಅಗಸೆ, ಬೆಳ್ಳುಳ್ಳಿ, ಕೆಂಪು ಖಾರ, ಅವ್ವನ ಒಳಕಲ್ಲು. ನನಗೆ ನೆನಪಾದದ್ದು ಬಂದೂಕು. ಇಪ್ಪತ್ತೈದು ವರ್ಷದ ಸಂಸಾರ ಮನುಷ್ಯರ ಮೂಗನ್ನೂ ಹೀಗೆ ಕೆಡಿಸುತ್ತದೆ, ನೋಡಿ.

ನಮ್ಮ ಯಜಮಾನರು ಡಾಕ್ಟರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ. ಅಂದರೆ ಆಪರೇಷನ್ನಿಗೆ ಮೊದಲು ಜನರನ್ನು ಮಲಗಿಸುವುದು, ಆಮೇಲೆ ಎಬ್ಬಿಸುವುದು. ಎಚ್ಚರವಿರುವವರ ಜೊತೆ ಮಾತಾಡುವ ಅಭ್ಯಾಸ ಅವರಿಗೆ ಆ ವೃತ್ತಿಯಲ್ಲಿ ಬೆಳೆಯಲಿಲ್ಲ. ನಾವು ಇಂಗ್ಲೆಂಡಿನ ಬೀಸ್ಟನ್ನಿಗೆ ಬಂದು ಮನೆ ಕೊಂಡ ಮೇಲೆ ಇಲ್ಲಿಯ ಗಂಡಸರಂತೆ ತಮಗೂ ಒಂದು ಹವ್ಯಾಸ ಬೇಕೆಂದು ಅವರಿಗೆ ಅನ್ನಿಸಿತು. ಮೊದಲು ಟೊಮ್ಯಾಟೊ ಬೆಳೆಸಿದರು, ಅದು ಸತ್ತಿತು. ಸೈಕಲ್ ಕೊಂಡರು, ಅದು ಗ್ಯಾರೇಜಿನಲ್ಲಿ ಇನ್ನೂ ಬದುಕಿದೆ. ಆಮೇಲೆ ಒಂದು ದಿನ ಹಳೆಯ ಮಿಲಿಟರಿ ರೈಫಲ್ ತಂದರು.

ಕೇಳಿದರೆ ವಂಶದ ಮಾತು ತೆಗೆದರು. "ನಮ್ಮ ಮುತ್ಯಾ ಬ್ಯಾಟಿ ಆಡತಿದ್ದಾ. ರಕ್ತದಾಗ ಐತಿ ಅದು," ಎಂದರು. ಯಜಮಾನರ ಊರು ರಾಣೆಬೆನ್ನೂರಿನ ಹತ್ತಿರ. ಅಲ್ಲಿ ಕೃಷ್ಣಮೃಗಗಳು ಗೋವಿನಜೋಳದ ಹೊಲಕ್ಕೆ ನುಗ್ಗಿದರೆ ಜನ ತಗಡು ಬಡಿದು ಓಡಿಸುತ್ತಾರೆ, ಓಡದಿದ್ದರೆ ಕೈಮುಗಿಯುತ್ತಾರೆ. ನಾನು ಭಾನುವಾರದ ಫೋನಿನಲ್ಲಿ ಅತ್ತೆಯವರನ್ನು ವಿಚಾರಿಸಿದೆ. ಅವರು ಕೆಮ್ಮುವಷ್ಟು ನಕ್ಕರು. "ಬ್ಯಾಟಿ? ಅವರು ಕಟ್ಟಿಗಿ ಅಡ್ಡಾದಾಗ ಗುಮಾಸ್ತ ಇದ್ರವ್ವಾ. ಇರುವಿ ಸಾಲು ಕಂಡ್ರ ಸರದು ನಡೀತಿದ್ರು."

ಅಲ್ಲಿಗೆ ವಂಶಪಾರಂಪರ್ಯ ಮುಗಿಯಿತು, ಕಟ್ಟಿಗೆಯೊಂದು ಉಳಿಯಿತು. ರಕ್ತದಲ್ಲಿ ಇದ್ದದ್ದು ಬೇಟೆಯಲ್ಲ, ಕಟ್ಟಿಗೆ ಎಂಬುದು ಮುಂದಿನ ಎರಡು ವರ್ಷಗಳಲ್ಲಿ ಸಾಬೀತೂ ಆಯಿತು.

ಈ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹುಡುಗಾಟವಲ್ಲ. ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಕಪಾಟು ಬೇಕು, ಜಿಪಿಯ ಮಾತು ಬೇಕು, ಪೊಲೀಸರ ಕಡೆಯವರು ಮನೆಗೆ ಬಂದು ನೋಡಬೇಕು. ಬಂದ ಅಧಿಕಾರಿ ಸಂಭಾವಿತ ಮನುಷ್ಯ, ನನ್ನ ಚಕ್ಕುಲಿ ಎರಡು ತಿಂದ. ಆಮೇಲೆ ನನ್ನ ಕಡೆ ತಿರುಗಿ, ಕಪಾಟಿನ ಕೀಲಿ ಎಲ್ಲಿರುತ್ತದೆ ಎಂದು ನಿಮಗೆ ಗೊತ್ತೇ ಎಂದು ಕೇಳಿದ. ಗೊತ್ತಿರಬಾರದಂತೆ! ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಗೊತ್ತಿರಬೇಕಂತೆ. ಯಜಮಾನರ ಕನ್ನಡಕ, ಪಾಸ್‌ಪೋರ್ಟು, ಅವರ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು, ಎಲ್ಲ ಎಲ್ಲಿದೆ ಎಂದು ನನ್ನನ್ನೇ ಕೇಳುವ ಮನೆಯಲ್ಲಿ ನನಗೆ ಗೊತ್ತಿರಬಾರದ ಒಂದು ವಸ್ತು! ಆ ಕಾನೂನಿಗೆ ತಲೆಬಾಗಿ, ನನಗೆ ಅನುಮಾನವಿದ್ದ ಒಂದು ಅಟ್ಟಣಿಗೆಯನ್ನು ವರ್ಷಗಟ್ಟಲೆ ಒರೆಸದೆ ಬಿಟ್ಟೆ. ಗೃಹಿಣಿಯೊಬ್ಬಳು ಬ್ರಿಟಿಷ್ ಸರ್ಕಾರಕ್ಕೆ ಮಾಡಿದ ತ್ಯಾಗಗಳಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ.

ರೈಫಲ್ ಯಾವುದೋ ಯುದ್ಧಕ್ಕೆ ಮಾಡಿದ್ದು. ಕಪ್ಪು ಜಿಡ್ಡು ಹಿಡಿದ, ಒನಕೆಯಷ್ಟು ಭಾರದ ವಸ್ತು. ಇಂಥವುಗಳನ್ನೇ ಹೆಗಲಿಗೇರಿಸಿಕೊಂಡು ದೊರೆಗಳ ಸಿಪಾಯಿಗಳು ನಮ್ಮ ಊರುಗಳಲ್ಲಿ ಓಡಾಡಿದ್ದು. ನಮ್ಮ ಅಜ್ಜಂದಿರನ್ನು ಹೆದರಿಸಿದ ಬಂದೂಕಿಗೆ ನಮ್ಮ ಡಾಕ್ಟರು ದಿನಾ ಸಂಜೆ ಎಣ್ಣೆ ಹಚ್ಚಿ, ಬಾಣಂತಿಯ ಕೂಸಿಗೆ ತಿಕ್ಕುವಂತೆ ತಿಕ್ಕುತ್ತಿದ್ದರು. ಸಿಪಾಯಿಗೆ ಬೇಕಾಗಿದ್ದ ಉದ್ದನೆಯ ಮರದ ಹೊದಿಕೆಯನ್ನು ತೆಗೆದು ಹಗುರ ಮಾಡುವುದು, ಒಳಗಿನ ಅಕ್ರೋಟು ಮರದ ಗೆರೆಗಳು ಕಾಣುವಂತೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜುವುದು, ಅಗಸೆ ಎಣ್ಣೆ ಕುಡಿಸುವುದು, ಒಣಗಲು ಬಿಡುವುದು, ಮತ್ತೆ ಉಜ್ಜುವುದು. ಈ ಊರಿನ ಥಂಡಿಯಲ್ಲಿ ನನ್ನ ಒಳಉಡುಪೇ ನಾಲ್ಕು ದಿನ ಒಣಗುವುದಿಲ್ಲ, ಎಣ್ಣೆ ಒಣಗುತ್ತದೆಯೇ? "ಇನ್ನೊಂದ್ ಕೋಟು," ಎನ್ನುತ್ತಿದ್ದರು. ಆ ಇನ್ನೊಂದು ಕೋಟು ಎರಡು ವರ್ಷ ನಡೆಯಿತು.

ಇಷ್ಟೆಲ್ಲ ಯಾರಿಗಾಗಿ? ಮಗಳು ಅನೂಗಾಗಿ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಡುಗೆಮನೆಯ ಕಿಟಕಿಯಿಂದ ನೋಡುವವಳಿಗೆ ಹೇಳಬೇಕೇನು? ಹದಿನಾಲ್ಕಕ್ಕೆ ಕಾಲಿಟ್ಟಿದ್ದ ಹುಡುಗಿ ಅಪ್ಪನ ಪ್ರಶ್ನೆಗಳಿಗೆಲ್ಲ "ಫೈನ್" ಎಂಬ ಒಂದೇ ಉತ್ತರ ಇಟ್ಟುಕೊಂಡಿದ್ದಳು. ಸ್ಕೂಲು? ಫೈನ್. ಊಟ? ಫೈನ್. ಅವಳು ಒಂದೇ ಒಂದು ಸಲ, ಟಿವಿಯಲ್ಲಿ ಜಿಂಕೆ ನೋಡುತ್ತ ಬೇಟೆಯ ಮಾತು ಬಂದಾಗ, "ನಾನೂ ಬರ್ಲಾ?" ಎಂದು ಕನ್ನಡದಲ್ಲಿ ಕೇಳಿದ್ದಳು. ಆ ಎರಡು ಶಬ್ದದ ಮೇಲೆ ಯಜಮಾನರು ಇಡೀ ಯೋಜನೆ ಕಟ್ಟಿದರು. ರೈಫಲ್ ಸಿದ್ಧವಾಗಬೇಕು, ಅವಳ ಹೆಸರಿಗೂ ಕಾಗದಪತ್ರ ಆಗಬೇಕು, ಅಪ್ಪ ಮಗಳು ಮರಗಳ ನಡುವೆ ಗಂಟೆಗಟ್ಟಲೆ ಸುಮ್ಮನೆ ಕೂರಬೇಕು. ಮಗಳ ಜೊತೆ ಮಾತಾಡಲು ಬಾರದ ಗಂಡಸು, ಮಾತೇ ಆಡಬಾರದ ಜಾಗವೊಂದನ್ನು ಹುಡುಕಿಕೊಂಡಿದ್ದ.

ಅಳತೆ ತೆಗೆದದ್ದು ನಮ್ಮ ಊಟದ ಮೇಜಿನ ಪಕ್ಕದಲ್ಲಿ. ಮೊಣಕೈ ಮಡಚಿಸಿ ನಿಲ್ಲಿಸಿ, ನನ್ನ ಹೊಲಿಗೆಯ ಟೇಪಿನಿಂದ, ದರ್ಜಿಯಂತೆ. ಅವಳ ಕೈ ಗಿಡ್ಡ. ಭುಜಕ್ಕೆ ಒರಗುವ ಮರದ ತುದಿಯನ್ನು ಒಂದೂವರೆ ಇಂಚು ಕೊಯ್ಯಬೇಕೆಂದು ತೀರ್ಮಾನವಾಯಿತು.

ನಾನು ಹೇಳಿದೆ. ಹೇಳಿದ್ದಕ್ಕೆ ಅನೂಳೇ ಸಾಕ್ಷಿ. "ರೀ, ಅಷ್ಟು ಕೊಯ್ಯಬ್ಯಾಡ್ರಿ. ಬೆಳಿಯೂ ಹುಡುಗಿ ಐತಿ. ಸ್ವಲ್ಪ ಬಿಟ್ಟು ಕೊಯ್ರಿ."

"ಇದೇನ್ ನಿಮ್ಮವ್ವ ಹೊಲದ ಲಂಗಾ ಏನ? ಬಂದೂಕು ಇದು. ಕಾಲಿಂಚು ಹೆಚ್ಚುಕಮ್ಮಿ ಆಗೂಹಂಗಿಲ್ಲ."

ನಮ್ಮವ್ವ ಹೊಲಿದ ಲಂಗದ ಮಾತು ಬಂದದ್ದರಿಂದ ಹೇಳುತ್ತೇನೆ. ಶಾಲೆಯ ನೀಲಿ ಲಂಗಕ್ಕೆ ಅವಳು ಕೆಳಗೆ ನಾಲ್ಕು ಬೆರಳು ಮಡಚಿ ಹೊಲಿಯುತ್ತಿದ್ದಳು. ವರ್ಷಕ್ಕೊಮ್ಮೆ ಒಂದು ಮಡಿಕೆ ಬಿಚ್ಚುವುದು. ಬಿಚ್ಚಿದಲ್ಲಿ ಬಣ್ಣ ಮಾಸದ ಗಾಢ ನೀಲಿ ಪಟ್ಟಿ, ಅದರ ಮೇಲೊಂದು ಗೆರೆ. ಏಳನೆಯ ತರಗತಿಗೆ ಬರುವಷ್ಟರಲ್ಲಿ ನನ್ನ ಲಂಗದ ಮೇಲೆ ಮೂರು ಗೆರೆ ಇದ್ದವು. ನಾಚಿಕೆಯಾಗುತ್ತಿತ್ತು. ಆದರೆ ಲಂಗ ಗಿಡ್ಡವಾಗಲಿಲ್ಲ, ಒಂದು ದಿನವೂ.

ಗರಗಸ ಹಾಕಿದರು. ಒಂದೂವರೆ ಇಂಚಿನ ತುಂಡು ಟಪ್ಪೆಂದು ನೆಲಕ್ಕೆ ಬಿತ್ತು. ಒಳ್ಳೆ ಮರ, ಎಸೆಯಲು ಮನಸ್ಸು ಬರಲಿಲ್ಲ. ಗ್ಯಾರೇಜಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೆ ಬೆಣೆ ಮಾಡಿದೆ.

ಇತ್ತ ಸುದ್ದಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹೋಯಿತು. ಯುಗಾದಿಯ ಊಟದಲ್ಲಿ ಒಬ್ಬರು, ಹೆಸರು ಬೇಡ, ಹಣೆಯ ತುಂಬ ವಿಭೂತಿ ಇದ್ದವರು, ಕೋಸಂಬರಿ ಬಡಿಸಿಕೊಳ್ಳುತ್ತ ನನಗೆ ಅಹಿಂಸೆಯ ಬಗ್ಗೆ ಐದು ನಿಮಿಷ ಹೇಳಿದರು. ಮೂಕಪ್ರಾಣಿ, ಪಾಪ, ಮಕ್ಕಳ ಸಂಸ್ಕಾರ. ಕೈ ತೊಳೆಯುವಾಗ ಯಜಮಾನರನ್ನು ಪಕ್ಕಕ್ಕೆ ಕರೆದು, "ಡಾಕ್ಟ್ರೇ, ಸಿಕ್ಕಿದ್ರೆ ಒಂದು ಕೆಜಿ ಈ ಕಡೆ ಇರ್ಲಿ. ಪಕ್ಕದ್ಮನೆ ಇಂಗ್ಲಿಷ್ನೋರು ಕೇಳ್ತಿದ್ರು," ಎಂದರಂತೆ. ಹೀಗೆ ಇಂಗ್ಲಿಷ್ ನೆರೆಯವರಿದ್ದ ನಾಲ್ಕು ಮನೆಗಳಿಂದ ಬೇಡಿಕೆ ಬಂತು. ಅದುವರೆಗೆ ನಮ್ಮ ರೈಫಲ್ಲಿನಿಂದ ಸತ್ತದ್ದೆಂದರೆ ನನ್ನ ಅಡುಗೆಮನೆಯ ಟೀ ಟವಲ್ಲುಗಳು ಮಾತ್ರ. ಎಣ್ಣೆ ಒರೆಸಿ ಒರೆಸಿ ಏಳು ಸತ್ತಿದ್ದವು.

ಅನೂಗೆ ಹದಿನಾರು ತುಂಬಿದ ತಿಂಗಳು ಕಡೆಯ ಕೋಟು ಒಣಗಿತು. ಅವಳು ಶೂಟಿಂಗ್ ಕ್ಲಬ್ಬಿನ ಬಂದೂಕಿನಲ್ಲಿ ಕಲಿತಿದ್ದಳು, ಕಾಗದಪತ್ರವೂ ಆಗಿತ್ತು. ಆದರೆ ಈ ರೈಫಲ್ಲನ್ನು ಮುಟ್ಟಲು ಅಪ್ಪ ಬಿಟ್ಟಿರಲಿಲ್ಲ. ಬೆರಳಿನ ಗುರುತು ಬೀಳುತ್ತದಂತೆ.

ಡರ್ಬಿಶೈರಿನ ಕಡೆ ಜೋನ್ ಎಂಬ ರೈತಾಪಿ ಹೆಂಗಸು ತನ್ನ ಜಮೀನಿನಲ್ಲಿ ಬೇಟೆಗೆ ಅನುಮತಿ ಕೊಟ್ಟಿದ್ದಳು. ಅವಳು ನೆಟ್ಟ ಎಳೆಯ ಗಿಡಗಳನ್ನೆಲ್ಲ ಮಂಟ್‌ಜ್ಯಾಕ್ ಎಂಬ ಗಿಡ್ಡ ಜಿಂಕೆ ತಿನ್ನುತ್ತಿತ್ತು. ಅದು ನಮ್ಮ ಕಾಡುಕುರಿಯ ಚೀನಾ ದಾಯಾದಿ. ಯಾರೋ ದೊಡ್ಡಮನುಷ್ಯರು ತೋಟದ ಅಂದಕ್ಕೆಂದು ತರಿಸಿಕೊಂಡದ್ದು, ಬೇಲಿ ಹಾರಿ ಇಲ್ಲೇ ನೆಲೆ ನಿಂತಿತು. ಜೋನ್ ನಮ್ಮ ಮೂವರನ್ನೂ ಅಂಗಳದಲ್ಲಿ ನಿಲ್ಲಿಸಿ ವಿವರಿಸಿದಳು: ಅವು ಇಲ್ಲಿಯವೇ ಅಲ್ಲ, ಹೊರಗಿನಿಂದ ಬಂದವು, ವರ್ಷವಿಡೀ ಮರಿ ಹಾಕುತ್ತವೆ, ಎಲ್ಲ ಕಡೆ ಅವೇ ತುಂಬಿಕೊಂಡಿವೆ. ಹೇಳುತ್ತ ಹೇಳುತ್ತ ನಮ್ಮ ಮುಖ ನೋಡಿದಳು, ಕುತ್ತಿಗೆಯಿಂದ ಮೇಲೆ ಕೆಂಪಾದಳು. "ನೋ ಅಫೆನ್ಸ್, ಮಿ ಡಕ್," ಎಂದಳು. ಈ ಕಡೆಯವರು ಪ್ರೀತಿ ಉಕ್ಕಿದಾಗ ಎದುರಿನವರನ್ನು ಬಾತುಕೋಳಿ ಮಾಡುತ್ತಾರೆ. ನಾನು ನಗುತ್ತ ತಲೆಯಾಡಿಸಿದೆ. ಜಿಂಕೆಗಿಂತ ಬಾತುಕೋಳಿಯಾಗುವುದು ಆ ಹೊತ್ತಿಗೆ ಕ್ಷೇಮವೆನಿಸಿತು.

ಕಾಡಿನಂಚಿನಲ್ಲಿ, ನಮ್ಮ ಕಡೆ ಹೊಲ ಕಾಯಲು ಕಟ್ಟುವ ಮಂಚಿಕೆಯಂಥದು. ಇಬ್ಬರ ಜಾಗದಲ್ಲಿ ಮೂವರು ಕೂತೆವು. ಬುತ್ತಿ ನನ್ನ ತೊಡೆಯ ಮೇಲೆ: ಚಪಾತಿ, ಶೇಂಗಾ ಚಟ್ನಿ. "ಫಾಯಿಲ್ ಮುಟ್ಟಬ್ಯಾಡ," ಎಂದು ಯಜಮಾನರು ಪಿಸುಗುಟ್ಟಿದರು. ಒಂದು ಗಂಟೆ ಮುಟ್ಟಲಿಲ್ಲ. ಅನೂ ಫೋನು ನೋಡಲಿಲ್ಲ, ಅದೇ ದೊಡ್ಡದು. ಅಪ್ಪ ಒಮ್ಮೆ ಬೆರಳು ತೋರಿಸಿದರು, ಅವಳು ಅತ್ತ ನೋಡಿದಳು. ಮತ್ತೊಮ್ಮೆ ಅವಳು ತೋರಿಸಿದಳು, ಅಪ್ಪ ನೋಡಿದರು. ಎರಡು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಜಿಂಕೆ ಬಂತು. ನಾಯಿಯಷ್ಟೇ ಎತ್ತರ, ಬೆನ್ನು ಗೂನು, ಮುಂದಿನ ಕಾಲೆತ್ತಿ, ಯೋಚಿಸಿ, ಇಡುವುದು. ಅಪ್ಪ ರೈಫಲ್ಲನ್ನು ಮಗಳ ಕೈಗೆ ಕೊಟ್ಟರು, ಅಡ್ಡಪಟ್ಟಿಯ ಮೇಲೆ ಆನಿಸಿಕೊಟ್ಟರು. ಅವಳು ಭುಜಕ್ಕೆ ಎಳೆದುಕೊಂಡಳು. ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಅವಳ ಮೂಗು ಅವಳದೇ ಹೆಬ್ಬೆರಳಿಗೆ ತಾಗುತ್ತಿತ್ತು. ಮೊಣಕೈ ಹಕ್ಕಿಯ ರೆಕ್ಕೆಯಂತೆ ಹೊರಗೆ ಚಾಚಿತ್ತು. ಆಟಿಕೆಯ ಬಂದೂಕು ಹಿಡಿದ ದೊಡ್ಡ ಹೆಂಗಸಿನಂತೆ ಕಂಡಳು.

"ಅಪ್ಪಾ," ಎಂದಳು ಮೆಲ್ಲಗೆ. "ಇಟ್ಸ್ ಟೂ ಶಾರ್ಟ್."

ಯಜಮಾನರು ಬಂದೂಕನ್ನು ನೋಡಿದರು. ಆಮೇಲೆ ಅವಳ ಕೈ, ಅವಳ ಭುಜ, ಮಂಚಿಕೆಯ ಹಲಗೆಗೆ ತಾಗುತ್ತಿದ್ದ ಅವಳ ಮೊಣಕಾಲು ನೋಡಿದರು. ಕೆಳಗಿನಿಂದ ಮೇಲಕ್ಕೆ. ಎರಡು ವರ್ಷ ಮರದ ಗೆರೆ ಗೆರೆಯನ್ನೂ ನೋಡಿದ ಮನುಷ್ಯ, ಮರ ಯಾರಿಗಾಗಿತ್ತೋ ಅವಳನ್ನು ನೋಡಿರಲಿಲ್ಲ.

ಜಿಂಕೆ ಒಮ್ಮೆ ಬೊಗಳಿ ಪೊದೆಯೊಳಗೆ ಹೋಯಿತು. ಅವು ಬೊಗಳುತ್ತವೆ. ನಮಗೆ ಸರಿಯಾಗಿಯೇ ಬೊಗಳಿತು.

ನಾನು ಫಾಯಿಲ್ ಬಿಚ್ಚಿದೆ. ಬೇರೇನು ಮಾಡಲಿ? ಮನೆಗೆ ಬಂದು ಯಜಮಾನರು ರೈಫಲ್ಲನ್ನು ಕಪಾಟಿನಲ್ಲಿಟ್ಟರು. ಸರ್ಟಿಫಿಕೇಟ್ ರಿನ್ಯೂ ಮಾಡಿಸುತ್ತಿದ್ದರು, ಎಣ್ಣೆ ಹಚ್ಚುತ್ತಿರಲಿಲ್ಲ. ಒಂದು ವಾರ ಕಳೆದ ಮೇಲೆ ನಾನು ಸುಮ್ಮನಿರಲಾರದೆ, "ಲಂಗಾ ಹೊಲದವರನ್ನ ಕೇಳಬೇಕಿತ್ತು," ಎಂದೆ. ಅವರು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದರು. ಅವತ್ತಿನ ಮಟ್ಟಿಗೆ ನನ್ನ ನಾಲಿಗೆಯೇ ಒಂದೂವರೆ ಇಂಚು ಗಿಡ್ಡವಿದ್ದಿದ್ದರೆ ಚೆನ್ನಾಗಿತ್ತು. ಅನೂ ಪರೀಕ್ಷೆ, ಕಾಲೇಜು, ಯೂನಿವರ್ಸಿಟಿ ಎಂದು ಹೊರಟಳು. "ಫೈನ್" ಈಗ ಫೋನಿನಲ್ಲಿ ಬರತೊಡಗಿತು.

ಇವತ್ತು ಗ್ಯಾರೇಜಿನಲ್ಲಿ ಚೆಲ್ಲಿದ ಎಣ್ಣೆ ಒರೆಸಿ ಏಳುವಷ್ಟರಲ್ಲಿ ಅನೂಳ ಕಾರು ಬಂತು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಮೂಗರಳಿಸಿ, "ಅಮ್ಮಾ, ಸ್ಮೆಲ್ಸ್ ಲೈಕ್ ಅಪ್ಪ," ಎಂದಳು. ಆಮೇಲೆ ಬಗ್ಗಿ ಬಾಗಿಲಿನ ಬೆಣೆ ಎತ್ತಿಕೊಂಡಳು. "ಇದು ಅದೇ ಅಲ್ವಾ? ದ ಬಿಟ್ ಹೀ ಕಟ್ ಆಫ್?"

ಹೌದೆಂದೆ. ಬಾಗಿಲು ಹಿಂದಿನಿಂದ ಧಡ್ಡೆಂದು ಮುಚ್ಚಿಕೊಂಡಿತು.

ಅವಳು ಲೆಮಿಂಗ್ಟನ್ನಿನಲ್ಲಿ ಗೇಮ್ ಮಾಡುವ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಳೆ. ಕಂಪ್ಯೂಟರಿನಲ್ಲಿ ಪ್ರಾಣಿಗಳನ್ನು ನಡೆಸುವ ಕೆಲಸ. ಈ ಸಲ ಜಿಂಕೆಯಂತೆ. ಟೀ ಕುಡಿಯುವಾಗ ಅಪ್ಪನಿಗೆ ಫೋನಿನಲ್ಲಿ ತೋರಿಸಿದಳು: ಗೂನು ಬೆನ್ನು, ಮುಂದಿನ ಕಾಲೆತ್ತಿ, ಯೋಚಿಸಿ, ಇಡುವುದು. ಯಜಮಾನರು ಕನ್ನಡಕ ಮೇಲೆತ್ತಿ ಮೂರು ಸಲ ನೋಡಿದರು. "ಕಿವಿ," ಎಂದರು. "ಇಡೂಕಿಂತ ಮೊದಲ ಕಿವಿ ತಿರಗಸ್ತಿತ್ತು ಅದು." "ಯು ರಿಮೆಂಬರ್?" ಎಂದಳು ಅವಳು. ಆಮೇಲೆ ಮೇಜಿನ ಮೇಲೆ ಮರದ ತುಂಡು ಇಟ್ಟಳು.

ಇಬ್ಬರೂ ಗ್ಯಾರೇಜಿಗೆ ಹೋದರು. ಕೀಲಿ ಎಲ್ಲಿಂದ ತಂದರೋ, ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ. ರೊಟ್ಟಿ ಬಡಿಯುವ ಸದ್ದಿನ ನಡುವೆ ಸ್ಯಾಂಡ್‌ಪೇಪರಿನ ಸದ್ದು ಬಂತು, ಎರಡು ಕೈಗಳದು, ಒಂದು ಅವಸರದ್ದು. ರೊಟ್ಟಿಗೆ ಕರೆಯಲು ಹೋದಾಗ ತುಂಡು ತನ್ನ ಹಳೆಯ ಜಾಗಕ್ಕೆ ಕೂತಿತ್ತು, ಎರಡು ಸ್ಕ್ರೂ, ಅಂಟು. ಬಣ್ಣ ಮಾತ್ರ ಕೂಡಲಿಲ್ಲ. ಬಂದೂಕು ಜೇನಿನ ಬಣ್ಣ, ತುಂಡು ಮಳೆ ಕುಡಿದು ಕರ್ರಗೆ, ನಡುವೆ ಗೆರೆ. ನಾನು ಆ ಗೆರೆಯನ್ನು ಬಹಳ ಹೊತ್ತು ನೋಡಿದೆ.

"ಬಣ್ಣ ಹಚ್ಚಿದ್ರ ಮುಚ್ಚತೈತಿ," ಎಂದರು ಯಜಮಾನರು.

"ಬಿಡಪ್ಪಾ. ಕಾಣ್ಲಿ," ಎಂದಳು ಅನೂ. ಭುಜಕ್ಕೆ ಆನಿಸಿ ನೋಡಿದಳು. ಮೂಗು ಹೆಬ್ಬೆರಳಿನಿಂದ ದೂರವಿತ್ತು. "ಈಗ ಸರಿ ಇದೆ. ಇನ್ನು ನಾನು ಬೆಳೆಯಲ್ಲ."

"ಹಂಗನ್ನಬ್ಯಾಡ," ಎಂದರು. ನನ್ನ ಕಡೆ ನೋಡಲಿಲ್ಲ, ಆದರೆ ಮಾತು, ಸ್ವಲ್ಪ ಬಿಟ್ಟು ಕೊಯ್ರಿ ಎಂದಿದ್ದ ನನಗೂ ಇತ್ತು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಅಗಸೆ ಚಟ್ನಿ, ಮೊಸರು. ಅನೂ ಮೂರು ರೊಟ್ಟಿ ತಿಂದಳು, ಯಜಮಾನರು ಎರಡೂವರೆ, ಉಳಿದರ್ಧ ನಾನು. ಊರನ್ನೆಲ್ಲ ಮಲಗಿಸುವ ಡಾಕ್ಟರು ಸಾಮಾನ್ಯವಾಗಿ ನಮ್ಮ ಮನೆಯಲ್ಲಿ ಮೊದಲು ಮಲಗುವವರು. ಇವತ್ತು ಅನೂ ಸೋಫಾದ ಮೇಲೇ ಮೊದಲು ನಿದ್ದೆ ಹೋದಳು. ನಾನು ಹೊದಿಕೆ ಬದಲಾಯಿಸಿದ್ದು ದಂಡವಾಯಿತು. ಅಪ್ಪ ಹೋಗಿ ಕಂಬಳಿ ತಂದು ಹೊದಿಸಿದರು. ಗಿಡ್ಡವಾಯಿತು, ಪಾದಗಳು ಹೊರಗೇ ಉಳಿದವು. ಸ್ವಲ್ಪ ಹೊತ್ತು ನಿಂತು ನೋಡಿ, ಮೇಲೆ ಹೋಗಿ, ಇನ್ನೊಂದು ತಂದರು.