ಉನೈಸಿ ಕೊಟ್ಟ ಅಂಕಗಳು

ಉನೈಸಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಆದರೂ ಒಂದು ಕಾರಣವನ್ನು ಅವಳು ಇಪ್ಪತ್ಮೂರು ವರ್ಷಗಳಿಂದ ಜೋಪಾನವಾಗಿ ಇಟ್ಟುಕೊಂಡಿದ್ದಳು. ಸಿಂಗಟೋಕಾ ಪೇಟೆಯ ಆಚೆ, ಕಡಲ ದಂಡೆಯ ಹೋಟೆಲಿನ ಲಾಂಡ್ರಿಯಲ್ಲಿ ಅವಳ ಕೆಲಸ. ಹೋಟೆಲಿನವರು ಪ್ರತಿ ವರ್ಷ ನಿಷ್ಠಾವಂತ ನೌಕರರೊಬ್ಬರನ್ನು ಆರಿಸಿ, ಊಟದ ಮನೆಯ ಬಾಗಿಲಿನ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಬರೆಸುತ್ತಿದ್ದರು. ಆರಿಸಿ ಬಂದವರು ಎರಡು ದಿನ ಕಡಲಿಗೆ ಮುಖ ಮಾಡಿದ ಒಂದನೇ ನಂಬರಿನ ಬುರೆಯಲ್ಲಿ ಅತಿಥಿಯಾಗಿ ಇರಬಹುದು. ಆ ಹುಲ್ಲುಮಾಡಿನ ಮನೆಯ ಹಾಸಿಗೆ ಬಟ್ಟೆಯನ್ನು ಸಾವಿರ ಸಲ ಒಗೆದ ಉನೈಸಿಗೆ ಒಮ್ಮೆಯಾದರೂ ಅದರ ಮೇಲೆ ಮಲಗಬೇಕು, ಆ ಹಲಗೆಯ ಮೇಲೆ ತನ್ನ ಹೆಸರು ನೋಡಬೇಕು ಎಂಬ ಆಸೆ. ಆಸೆ ಎಂದು ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಅನ್ಯಾಯ ಎಂದು ಮಾತ್ರ ಹೇಳಿಕೊಂಡು ತಿರುಗಿದಳು.

ಅನ್ಯಾಯವೇ ಸರಿ. ಅತಿಥಿಗಳು ಹೋಗುವಾಗ ಚೀಟಿಯಲ್ಲಿ ಯಾರ ಹೆಸರು ಬರೆಯುತ್ತಾರೋ ಅವರಿಗೇ ಗೌರವ. ಪಾನೀಯ ಸುರಿದವನ ಹೆಸರು ಬಂತು, ಪೆಟ್ಟಿಗೆ ಹೊತ್ತವನ ಹೆಸರು ಬಂತು, ಗಿಟಾರ್ ಬಾರಿಸಿ ಹಲ್ಲು ಕಿರಿಯುವುದರ ಹೊರತು ಬೇರೇನೂ ಬಾರದವನ ಹೆಸರು ಎರಡು ಸಲ ಬಂತು. ಲಾಂಡ್ರಿಯವರ ಹೆಸರು ಒಮ್ಮೆಯೂ ಬರಲಿಲ್ಲ.

ಡನ್‌ಸ್ಟನ್ ಎಂಬ ಹೊಸ ಮ್ಯಾನೇಜರು ಆಸ್ಟ್ರೇಲಿಯಾದಿಂದ ಬಂದವನು. ಆರಿಸುವ ಕ್ರಮ ನ್ಯಾಯವಾಗಿರಬೇಕು, ಹೇಗೆ ಮಾಡೋಣ ನೀವೇ ಹೇಳಿ ಎಂದು ಎಲ್ಲರನ್ನೂ ಕೂರಿಸಿ ಕೇಳಿದ. ಎಲ್ಲರೂ ಚಾಪೆ ನೋಡುತ್ತ ಕೂತರು. ಉನೈಸಿ ಎದ್ದು ನಿಂತಳು.

"ಹಾಸಿಗೆ ಮೇಲೆ ಮಲಗ್ದೋರು ಅದನ್ನ ಒಗೆದೋಳ ಹೆಸರು ಯಾವತ್ತಾದ್ರೂ ಕೇಳಿದಾರಾ? ಯಾರು ಮೈ ಬಗ್ಗಿಸ್ತಾರೆ, ಯಾರು ಕಳ್ಳಾಟ ಆಡ್ತಾರೆ ಅಂತ ಜೊತೇಲಿ ಕೆಲಸ ಮಾಡೋರಿಗೆ ಗೊತ್ತು. ಅವರೇ ಅಂಕ ಕೊಡ್ಲಿ."

ಡನ್‌ಸ್ಟನ್‌ಗೆ ಈ ಮಾತು ಬಹಳ ಹಿಡಿಸಿತು. ಈ ವರ್ಷದ ಗೌರವ ಲಾಂಡ್ರಿಗೇ ಎಂದ. ಅಲ್ಲಿರುವ ಹತ್ತು ಜನ ತಮ್ಮನ್ನು ಬಿಟ್ಟು ಉಳಿದ ಒಂಬತ್ತು ಮಂದಿಗೂ ಹತ್ತರಲ್ಲಿ ಇಷ್ಟು ಎಂದು ಗುಟ್ಟಾಗಿ ಅಂಕ ಕೊಡಬೇಕು, ಹೆಚ್ಚು ಬಂದವರಿಗೆ ಬುರೆ.

ಉನೈಸಿ ಮನೆಯಲ್ಲಿ ಕೂತು, ಪೆನ್ಸಿಲ್ ಚೂಪು ಮಾಡಿಕೊಂಡು ಬರೆದಳು. ತನ್ನ ನಾಲಿಗೆಗೆ ಸಿಕ್ಕಿ ನರಳಿದವರೇ ಎಲ್ಲರೂ, ತನಗೆ ಒಂದೋ ಎರಡೋ ಕೊಟ್ಟು ಹಗೆ ತೀರಿಸಿಕೊಳ್ಳುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಹಾಗಿದ್ದ ಮೇಲೆ ತಾನೇಕೆ ಕೈ ಬಿಚ್ಚಬೇಕು? ಯಾಂಗೋನಾ ಬೇರಿನ ಮತ್ತಿನ ಪಾನೀಯ ಕುಡಿದು ಬಂದು ಬಟ್ಟೆ ಒಣಗಿಸುವ ಯಂತ್ರದ ಹಿಂದೆ ನಿದ್ದೆ ಹೊಡೆಯುವ ಅಪೆನಿಸಾಗೆ ನಾಲ್ಕು. ಇಸ್ತ್ರಿ ಮಾಡುವ ಮುದುಕಿ ಟೋರಿಕಾ, ಎಲ್ಲರ ಬಾಯಲ್ಲೂ 'ನೌ', ಅಂದರೆ ಅಜ್ಜಿ. ಅವಳು ಪ್ರಾರ್ಥನೆ ಹಾಡು ಹೇಳಿಕೊಂಡು ಬಟ್ಟೆಯ ಮೂಲೆಗಳಲ್ಲಿ ಸುಕ್ಕು ಬಿಡುತ್ತಾಳೆ, ಯಾರು ಸತ್ತರೂ ನಾಲ್ಕು ದಿನ ನಾಪತ್ತೆ. ಅವಳಿಗೆ ಎರಡು. ಉಳಿದವರಿಗೆ ಐದು, ಆರು, ಒಬ್ಬಳಿಗೆ ಮಾತ್ರ ಏಳು.

ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು ಎಂದು ಡನ್‌ಸ್ಟನ್ ಸೋಮವಾರ ಒಟ್ಟು ಅಂಕಗಳ ಪಟ್ಟಿಯನ್ನು ಲಾಂಡ್ರಿಯ ಗೋಡೆಗೆ ಅಂಟಿಸಿಯೇ ಬಿಟ್ಟ. ಒಟ್ಟು ತೊಂಬತ್ತರಲ್ಲಿ ಟೋರಿಕಾಗೆ ಎಂಬತ್ತೆರಡು, ಅಪೆನಿಸಾಗೆ ಎಂಬತ್ತನಾಲ್ಕು. ಎಲ್ಲಕ್ಕಿಂತ ಮೇಲೆ ಉನೈಸಿ, ತೊಂಬತ್ತಕ್ಕೆ ತೊಂಬತ್ತು.

ಅವಳಿಗೆ ಮೊದಲು ಬಂದದ್ದು ಸಂತೋಷವೇ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಹಾದ ಹೊತ್ತಿಗೆ ಒಂಬತ್ತು ಜನವೂ ಒಬ್ಬರನ್ನೊಬ್ಬರು ಕೇಳಿಕೊಂಡಾಗಿತ್ತು. ಎಲ್ಲರೂ ಎಲ್ಲರಿಗೂ ಹತ್ತೇ ಕೊಟ್ಟಿದ್ದರು. ಒಂದೇ ಪಾತ್ರೆಯ ಮರಗೆಣಸು ತಿಂದು, ಭಾನುವಾರ ಒಂದೇ ಬೆಂಚಿನ ಮೇಲೆ ಕೂತು ಹಾಡುವ ಜನ ಒಬ್ಬರಿಗೊಬ್ಬರು ಒಂಬತ್ತು ಕೊಡುವುದುಂಟೇ? ಆ ಡನ್‌ಸ್ಟನ್‌ಗೆ ಇದು ಗೊತ್ತಿರಲಿಲ್ಲ, ಸರಿ. ಇಲ್ಲೇ ಹುಟ್ಟಿ ಬೆಳೆದ ಉನೈಸಿಗೇಕೆ ಹೊಳೆಯಲಿಲ್ಲವೋ. ಕಡಿಮೆಯಾದ ಅಂಕವೆಲ್ಲ ಅವಳದೇ. ಒಬ್ಬೊಬ್ಬರ ಬಗ್ಗೆ ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದು ಗೋಡೆಯ ಮೇಲೆ ಅಚ್ಚಾಗಿತ್ತು. ಕಳೆಯುವ ಲೆಕ್ಕ ಬಂದರೆ ಸಾಕು, ಯಾರು ಬೇಕಾದರೂ ಓದಬಹುದಿತ್ತು.

ಯಾರೂ ಜಗಳ ತೆಗೆಯಲಿಲ್ಲ. ಅದೇ ಅವಳಿಗೆ ಬಿದ್ದ ಪೆಟ್ಟು. ಜಗಳವಾಗಿದ್ದರೆ ಅವಳು ಗೆಲ್ಲುತ್ತಿದ್ದಳು. "ಬಂದ್ಲಪ್ಪ ಬಿರುಗಾಳಿ" ಎಂದು ಕಿಚಾಯಿಸುತ್ತಿದ್ದ ಅಪೆನಿಸಾ ಈಗ "ದಯವಿಟ್ಟು ಆ ಬುಟ್ಟಿ ಕೊಡ್ತೀರಾ" ಎಂದು ಬಹುವಚನದಲ್ಲಿ ಕೇಳಿದ. ಗೆಣಸಿನ ಪಾತ್ರೆಯಿಂದ ಅವಳ ಪಾಲನ್ನು ಬೇರೆ ತಟ್ಟೆಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ ಕೊಡತೊಡಗಿದರು. ಹೊರಗಿನವರಿಗೆ ಕೊಡುವುದು ಹಾಗೆ.

ಬುರೆ ಬೇಡವೆಂದು ಹೇಳಿಬಿಡಬೇಕು ಎಂದು ಒಂದು ಗಳಿಗೆ ಅನ್ನಿಸಿತು. ತಾನೇನು ಕದ್ದಿದ್ದೇನೆಯೇ ಎಂಬ ಹಟ ಮರುಗಳಿಗೆಯೇ ಬಂತು. ಗಂಡ ಮಿಟಿಯೇಲಿ ಜೊತೆಗೆ ಬರಲು ಒಪ್ಪಲಿಲ್ಲ. ತಾನು ಮನೆಯಲ್ಲೇ ಬೇಕಾದಷ್ಟು ಬೈಸಿಕೊಳ್ಳುತ್ತಿದ್ದೇನೆ, ಅದಕ್ಕೆ ಹೋಟೆಲಿಗೆ ಬೇರೆ ಬರಬೇಕೇ ಎಂದ. ಒಳ್ಳೆಯ ಸುಲು ಉಟ್ಟುಕೊಂಡು ಅವಳೊಬ್ಬಳೇ ಹೋದಳು.

ಬುರೆಯಲ್ಲಿ ಅವಳು ಮಾಡಿದ ಮೊದಲ ಕೆಲಸವೆಂದರೆ ಹಾಸಿಗೆಯ ನಾಲ್ಕು ಮೂಲೆ ಎತ್ತಿ ನೋಡಿದ್ದು. ಇಸ್ತ್ರಿ ಟೋರಿಕಾಳದು, ಮಡಿಕೆ ನೋಡಿದರೇ ಗೊತ್ತಾಗುತ್ತಿತ್ತು. ಸುಕ್ಕಿಗಾಗಿ ಬೆರಳಾಡಿಸಿದಳು, ದಿಂಬಿನ ಗವಸು ತಿರುವಿ ನೋಡಿದಳು. ಹಾಳಾದದ್ದು, ಒಂದೂ ಇರಲಿಲ್ಲ.

ಎರಡನೆಯ ದಿನ ಬೆಳಗ್ಗೆ ಮೇಜಿನ ಮೇಲೆ ಅತಿಥಿಗಳ ಚೀಟಿ ಇತ್ತು. ಬಟ್ಟೆಬರೆಗೆ ಹತ್ತರಲ್ಲಿ ಎಷ್ಟು ಎಂದು ಕೇಳಿತ್ತು. ಉನೈಸಿ ಹತ್ತು ಎಂದು ಬರೆದು, ಹೆಸರಿನ ಜಾಗದಲ್ಲಿ ಟೋರಿಕಾ ಎಂದು ತುಂಬಿದಳು. ಹಾಸಿಗೆ ಬಟ್ಟೆಯನ್ನು ತಾನೇ ಗಂಟು ಕಟ್ಟಿ ಹೊತ್ತುಕೊಂಡು ಲಾಂಡ್ರಿಗೆ ನಡೆದಳು. ಚೀಟಿಯನ್ನು ಟೋರಿಕಾಳ ಮುಂದೆ ಚಾಚಿದಳು. ಕ್ಷಮಿಸು ಎನ್ನುವ ಮಾತು ಅವಳ ಬಾಯಲ್ಲಿ ಹುಟ್ಟಲಿಲ್ಲ. ಬಂದದ್ದು ಬೇರೆ.

"ನೌ, ನಂಗ್ಯಾಕೆ ಹತ್ತು ಕೊಟ್ಟೆ?"

ಟೋರಿಕಾ ಇಸ್ತ್ರಿ ನಿಲ್ಲಿಸಲಿಲ್ಲ. "ಒಂಬತ್ತು ಕೊಟ್ಟಿದ್ರೆ ನೀನು ವರ್ಷ ಪೂರ್ತಿ ಮುಖ ಊದಿಸ್ಕೊಂಡು ತಿರುಗ್ತಿದ್ದೆ. ಆ ಮುಖ ನೋಡ್ಕೊಂಡು ಕೆಲಸ ಮಾಡೋರ್ಯಾರು?"

ಯಾರೋ ಕಿಸಕ್ಕೆಂದು ನಕ್ಕರು. ಈಗ ಬೈಯುತ್ತಾರೆ, ಬೈದರೆ ಎಲ್ಲ ಸರಿಹೋಗುತ್ತದೆ ಎಂದು ಉನೈಸಿ ಕಾದಳು. ಟೋರಿಕಾ ಚೀಟಿ ಓದಿದಳು. ಮಡಿಸಿ ಅವಳ ಕೈಗೇ ವಾಪಸು ಇಟ್ಟು, ಗಂಟನ್ನು ಮೆಲ್ಲಗೆ ತೆಗೆದುಕೊಂಡಳು.

"ಇದನ್ನ ಆಫೀಸಲ್ಲಿ ಕೊಡಬೇಕಮ್ಮ," ಎಂದು ಅತಿಥಿಗಳಿಗೆ ಹೇಳುವ ದನಿಯಲ್ಲಿಯೇ ಹೇಳಿದಳು. "ನೀವು ಇಲ್ಲಿ ನಿಲ್ಲಬಾರದು. ನೆಲ ಒದ್ದೆ ಇದೆ, ಜಾರೀರಿ."

ಇಪ್ಪತ್ಮೂರು ವರ್ಷ ಬರಿಗಾಲಲ್ಲಿ ತುಳಿದ ನೆಲ ಅದು. ಉನೈಸಿ ಹೊರಗೆ ಬಂದು ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಿಂತಳು. ಒಳಗೆ ಕೈ ಸಾಲದೆ ಅಪೆನಿಸಾ ಯಾರನ್ನೋ ಕೂಗುತ್ತಿದ್ದ, ಅವಳ ಹೆಸರು ಹಿಡಿದಲ್ಲ. ಬುರೆ ಖಾಲಿ ಮಾಡುವ ಹೊತ್ತು ಹನ್ನೆರಡು ಗಂಟೆ, ಇನ್ನೂ ಒಂಬತ್ತೂವರೆ. ಅಲ್ಲಿಯವರೆಗೆ ಅವಳು ಅತಿಥಿ.