ಏಳು ವರ್ಷದ ರಿಸೀವರ್

ನಮ್ಮ ಭಾವನಂಥ ಒಳ್ಳೆಯ ಮನುಷ್ಯ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಹಲ್ಲು ಕಚ್ಚಿಕೊಂಡು. ಕುಡಿತವಿಲ್ಲ, ಜೂಜಿಲ್ಲ, ಅಕ್ಕನನ್ನು ಒಂದು ದಿನ ಗದರಿದವರಲ್ಲ. ಅವರಿಗಿರುವ ಕಾಯಿಲೆ ಒಂದೇ. ಯಾವ ವಸ್ತುವನ್ನೂ ಇವತ್ತಿಗೆಂದು ಕೊಳ್ಳುವುದಿಲ್ಲ. ಅದು ಇನ್ನು ಇಪ್ಪತ್ತು ವರ್ಷ ಬಿಟ್ಟೂ ಸಲ್ಲಬೇಕು. ಸಲ್ಲುತ್ತದೋ ಇಲ್ಲವೋ ಎಂದು ಮೀನಮೇಷ ಎಣಿಸುವುದರಲ್ಲೇ ಆ ಇಪ್ಪತ್ತರಲ್ಲಿ ಏಳು ವರ್ಷ ಕಳೆದುಹೋಗುತ್ತದೆ.

ಇದಕ್ಕೆಲ್ಲ ಮೂಲ ಅವರ ಕಸುಬು. ಭಾವ ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಕಟ್ಟಡಗಳ ನೆತ್ತಿಯ ಮೇಲಿನ ಮಶೀನ್ ರೂಮುಗಳಲ್ಲಿ ಮೊಣಕಾಲೂರಿ ಕೆಲಸ ಮಾಡಿದವರು. ಸೇರಿದ ಹೊಸದರಲ್ಲಿ ನಾಲ್ಕು ಮಹಡಿಯ ಕಟ್ಟಡವೊಂದಕ್ಕೆ ನಾಲ್ಕೇ ಮಹಡಿಯ ಗುಂಡಿಗಳಿಗೆ ಸಾಲುವ ಪ್ಯಾನೆಲ್ ಹಾಕಿದ್ದರಂತೆ. ಮರುವರ್ಷವೇ ಮಾಲೀಕ ಐದನೆಯ ಮಹಡಿ ಎಬ್ಬಿಸಿದ. ಪ್ಯಾನೆಲ್‌ನಲ್ಲಿ ಐದನೆಯದಕ್ಕೆ ಜಾಗವಿಲ್ಲ. ಅಲ್ಲಿ ಮನೆ ಮಾಡಿದ ಮುದುಕಿಯೊಬ್ಬಳು ನಾಲ್ಕರಲ್ಲಿ ಇಳಿದು, ಉಳಿದ ಮೆಟ್ಟಿಲು ಹತ್ತುತ್ತ ಭಾವನ ವಂಶವನ್ನೇ ಜಾಲಾಡುತ್ತಿದ್ದಳಂತೆ. ಆ ಬೈಗುಳ ಇವರ ತಲೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವರು ಹಾಕುವ ಪ್ರತಿ ಪ್ಯಾನೆಲ್‌ನಲ್ಲೂ ಇಲ್ಲದ ಮಹಡಿಗೆ ಒಂದು ಗುಂಡಿಯ ಜಾಗ ಬಿಟ್ಟಿರುತ್ತಾರೆ. ಲಿಫ್ಟಿಗೆ ಅದು ಸರಿ. ಅದೇ ಕಾನೂನನ್ನು ಮನೆಯ ಹಾಲ್‌ಗೂ ತಂದಾಗ ನಮ್ಮ ಪಾಡು ಶುರುವಾಯಿತು.

ಅಕ್ಕ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಇಪ್ಪತ್ತಾರು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. "ಹಲೋ" ಅಂದರೆ ಸಾಕು, ಯಾವ ಡಾಕ್ಟರು, ಯಾವ ವಾರ್ಡು, ಬೆಳಗ್ಗೆ ಮನೆಯಲ್ಲಿ ಜಗಳ ಆಡಿ ಬಂದಿದ್ದಾರೋ ಇಲ್ಲವೋ, ಎಲ್ಲ ಹೇಳುತ್ತಿದ್ದಳು. ಪಾಳಿಯ ಕೆಲಸ, ಹಾಗಾಗಿ ಅವಳು ನೋಡಿದ ಸಿನಿಮಾಗಳೆಲ್ಲ ಅರ್ಧರ್ಧ. ನಿವೃತ್ತಿಯಾದ ದಿನ ಭಾವ ಕೇಳಿದರು, "ಏನ್ ಬೇಕು ನಿಂಗೆ?" ಅಕ್ಕ ಹೇಳಿದಳು, "ಮನೇಲೇ ಕೂತು, ಸುತ್ತಲಿಂದ ಸದ್ದು ಬರೋ ಹಾಗೆ, ಒಂದೊಂದು ಮಾತೂ ಕಿವಿಗೆ ಬೀಳೋ ಹಾಗೆ, ಪೂರ್ತಿ ಸಿನಿಮಾ ನೋಡ್ಬೇಕು." ಇಷ್ಟೇ. ಭಾವ "ಆಯ್ತು" ಅಂದರು. ಅದು ಏಳು ವರ್ಷದ ಹಿಂದಿನ ಮಾತು.

ಮೊದಲ ತಿಂಗಳಲ್ಲೇ ಗೋಡೆ ಕೆತ್ತಿ ಒಂಬತ್ತು ಕಡೆ ವೈರ್ ಎಳೆದರು. ಏಳು ಸ್ಪೀಕರ್ ಸಾಕಾಗಿತ್ತು, ಇನ್ನೆರಡು ಮುಂದಕ್ಕೆ ಬೇಕಾದೀತು ಅಂತ. ಎರಡನೆಯ ತಿಂಗಳು ಸ್ಪೀಕರ್ ಬಂದವು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇಲ್ಲಿ ಕುಲಾವಿಯಷ್ಟೇ ಅಲ್ಲ, ತೊಟ್ಟಿಲೂ ಬಂದಿತ್ತು. ಬಾರದಿದ್ದದ್ದು ಕೂಸು ಮಾತ್ರ, ಅಂದರೆ ರಿಸೀವರ್. ಟಿವಿಯ ಸದ್ದನ್ನು ತೆಗೆದುಕೊಂಡು ಒಂದೊಂದು ಸ್ಪೀಕರ್‌ಗೂ ಅದರದರ ಪಾಲು ಹಂಚುವ ಪೆಟ್ಟಿಗೆ ಅದು. ಅದಿಲ್ಲದೆ ಉಳಿದದ್ದೆಲ್ಲ ದಂಡ. ಗೋಡೆಯಿಂದ ಒಂಬತ್ತು ಜೊತೆ ವೈರುಗಳು ಚೀಟಿ ಕಟ್ಟಿಸಿಕೊಂಡು ನೇತಾಡುತ್ತಿದ್ದವು. ಬಂದವರೆಲ್ಲ "ಮನೆ ಕೆಲಸ ಇನ್ನೂ ಮುಗಿದಿಲ್ವಾ?" ಎಂದು ಕೇಳುತ್ತಿದ್ದರು. ಸ್ಪೀಕರ್ ಡಬ್ಬಗಳ ಮೇಲೆ ಹೊದಿಕೆ ಹಾಸಿ ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಸಿನಿಮಾ ಮಾತ್ರ ಟಿವಿಯ ಬೆನ್ನಿಗಿರುವ ಎರಡು ಬಡಕಲು ಸ್ಪೀಕರ್‌ಗಳಲ್ಲೇ ಗೊಣಗುತ್ತಿತ್ತು.

ಪ್ರತಿ ವರ್ಷ ಒಂದು ಕಾರಣ. ಒಂದು ವರ್ಷ, ಮಾಳಿಗೆಯಿಂದ ಸದ್ದು ಬೀಳುವ ಹೊಸ ಪದ್ಧತಿ ಬಂದಿದೆ, ಅದು ನೆಲೆ ನಿಲ್ಲಲಿ ಅಂತ. ಇನ್ನೊಂದು ವರ್ಷ, ವೈರ್ ಚುಚ್ಚುವ ತೂತು ಹೊಸ ನಮೂನೆಯದು ಬರುತ್ತದೆ, ಹಳೆಯದು ಕೊಂಡರೆ ಕೆಟ್ಟೆವು ಅಂತ. ಆಮೇಲೆ ಚಿತ್ರ ಎರಡರಷ್ಟು ಸ್ಪಷ್ಟವಾಗುತ್ತದಂತೆ, ರಿಸೀವರ್ ಅದನ್ನು ದಾಟಿಸಬೇಕಂತೆ.

"ಭಾವ, ಆ ಚಿತ್ರ ತೋರಿಸೋಕೆ ನಿಮ್ಮ ಟಿವಿಗೇ ಬರಲ್ಲ," ಎಂದೆ ನಾನು.

"ಈಗ ಬರಲ್ಲಮ್ಮ. ಮುಂದೆ ಟಿವಿ ಬದಲಾಯಿಸಿದ್ರೆ?"

"ಬದಲಾಯಿಸ್ತೀರಾ?"

"ಅದನ್ನೂ ನೋಡಿ ಮಾಡ್ಬೇಕು. ಮುಂದಿನ ವರ್ಷ ಬೇರೆ ಥರದ ಪರದೆ ಬರುತ್ತಂತೆ."

ಇವರ ಜೊತೆ ಮಾತಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಅದಕ್ಕೂ ಜಾಗವಿಲ್ಲ, ಎಲ್ಲಿ ನೋಡಿದರೂ ವೈರು. ಅವರದು ಮೆತ್ತಗಿನ ದನಿ ಬೇರೆ. ಮೀಸೆಯೊಳಗೇ ಮಾತಾಡುತ್ತಾರೆ. ಜೋರಾಗಿ ಜಗಳ ಕಾಯೋಣವೆಂದರೆ ಎದುರಿನಿಂದ ಅದಕ್ಕೆ ತಕ್ಕ ಉತ್ತರವೇ ಸಿಗುವುದಿಲ್ಲ. ಅಕ್ಕನೂ ಅಷ್ಟೇ, ಅವರು ಏನೋ ಗುನುಗಿದರೆ ಇವಳು "ಹೂಂ" ಅನ್ನುತ್ತಾಳೆ, ಮುಗಿಯಿತು.

ನಾನು ಅವರ ಮನೆಯ ಕೆಳಗೇ, ಬೀದಿಗೆ ಮುಖ ಮಾಡಿದ ಮಳಿಗೆಯಲ್ಲಿ ಹೆಂಗಸರ ಕೂದಲು ಕತ್ತರಿಸುವವಳು. ಅಕ್ಕನ ಕೂದಲಿಗೂ ಎರಡು ತಿಂಗಳಿಗೊಮ್ಮೆ ನನ್ನದೇ ಕತ್ತರಿ. ಈಚೆಗೊಮ್ಮೆ ಕಿವಿಯ ಪಕ್ಕ ಕತ್ತರಿಸುತ್ತಿದ್ದೆ. ಚಿಕ್ಕಂದಿನಿಂದಲೂ ಕಿವಿಯ ಹತ್ತಿರ ಕತ್ತರಿ ಚಿಕ್‌ಚಿಕ್ ಅಂದರೆ ಅಕ್ಕ ಕತ್ತು ಮುದುರುವವಳು. ಅವತ್ತು ಗೊಂಬೆಯ ಹಾಗೆ ಕೂತಿದ್ದಳು. ಬಲಗಿವಿಯ ಹತ್ತಿರ, ಎಡಗಿವಿಯ ಹತ್ತಿರ, ಸುಮ್ಮನೆ ಗಾಳಿಯಲ್ಲಿ ಕತ್ತರಿ ಆಡಿಸಿದೆ. ಉಹೂಂ. ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ.

ಕಿವಿ ಡಾಕ್ಟರು ಒಂದು ಚಾರ್ಟ್ ಕೊಟ್ಟರು. ಗೆರೆ ಎಡದಿಂದ ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಕಾಲು ಜಾರಿದ ಹಾಗೆ ಕೆಳಗೆ ಬಿದ್ದಿತ್ತು. "ಕೀಚಲು ಸದ್ದುಗಳು ಮೊದಲು ಹೋಗ್ತವೆ. ಮಾತಿನ ಅಂಚು ಇರೋದು ಅದರಲ್ಲೇ. ದನಿ ಕೇಳಿಸುತ್ತೆ, ಏನಂದ್ರು ಅಂತ ತಿಳಿಯಲ್ಲ," ಎಂದರು. ಇನ್ನು ಮೂರು ನಾಲ್ಕು ವರ್ಷದಲ್ಲಿ ಉಳಿದದ್ದೂ ಇಳಿಯಬಹುದಂತೆ. ಕಿವಿಗೆ ಹಾಕಿಕೊಳ್ಳುವ ಮಶೀನನ್ನೂ ಕೊಟ್ಟರು. ಅದರಲ್ಲಿ ಚಮಚ ಬಿದ್ದರೂ ಗುಡುಗಿದ ಹಾಗಾಗುತ್ತದೆ, ಮಾತು ಅಷ್ಟಕ್ಕಷ್ಟೇ ಎಂದು ಅಕ್ಕ ಅದನ್ನು ಡ್ರಾಯರ್‌ಗೆ ಹಾಕಿದಳು.

ಇನ್ನಾದರೂ ಭಾವ ಓಡಿಹೋಗಿ ಆ ಪೆಟ್ಟಿಗೆ ತರುತ್ತಾರೆ ಅಂದುಕೊಂಡೆ. ಹದಿನೈದು ದಿನ ಅವರು ಆ ಚಾರ್ಟನ್ನು ಲಿಫ್ಟಿನ ನಕ್ಷೆಯ ಹಾಗೆ ಮೇಜಿನ ಮೇಲೆ ಹರಡಿಕೊಂಡು ಕೂತರು. ಆಮೇಲೆ ಒಂದು ಭಾನುವಾರ ನನ್ನ ಮಳಿಗೆಗೇ ಬಂದರು. ಮುಖ ಅರಳಿತ್ತು.

"ಒಂದು ವಿಷಯ ಗೊತ್ತಾಯ್ತಮ್ಮ. ಇನ್ಮೇಲೆ ಬರೋ ರಿಸೀವರ್‌ಗೆ ಕಿವಿ ಚಾರ್ಟೇ ತುಂಬಿಸಬಹುದಂತೆ. ಯಾವ ಸದ್ದು ಕೇಳಿಸಲ್ವೋ ಅದನ್ನ ಅದೇ ಏರಿಸಿ ಕೊಡುತ್ತಂತೆ. ಅವಳಿಗೆ ಅಂತಲೇ ಮಾಡಿದ ಹಾಗಿದೆ."

"ಯಾವಾಗ ಬರುತ್ತಂತೆ?"

"ಬರೋ ವರ್ಷ. ತಪ್ಪಿದ್ರೆ ಅದರ ಮುಂದಿನ ವರ್ಷ."

ಕುರ್ಚಿಯಲ್ಲಿ ಗಿರಾಕಿಯೊಬ್ಬಳು ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಳು. ಅವಳ ಎದುರೇ ನಾನು ಬಾಯಿ ಬಿಟ್ಟೆ. ಮೈಯೆಲ್ಲ ಉರಿದುಹೋಗಿತ್ತು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ಕೇಳಿದೀರಾ ಭಾವ? ನೀವು ಕಡಲೆ ಅಂಗಡೀಲಿ ನಿಂತು ಏಳು ವರ್ಷದಿಂದ ಯಾವ ಕಡಲೆ ಅಂತ ಆರಿಸ್ತಾ ಇದೀರ. ಅಕ್ಕನ ಕಿವಿ ಕಂಪನಿಯವರಿಗೆ ಕಾಯುತ್ತಾ? ನಾಳೆ ಬೆಳಗ್ಗೆ ನಾನೂ ಬರ್ತೀನಿ. ತರದೇ ಇದ್ರೆ ನಿಮ್ಮ ವೈರನ್ನೆಲ್ಲ ಇದೇ ಕತ್ತರೀಲಿ ಕತ್ತರಿಸಿ ಹಾಕ್ತೀನಿ."

ಗಿರಾಕಿ ಕನ್ನಡಿಯೊಳಗಿಂದಲೇ, "ತಂದ್ಬಿಡಿ ಸಾರ್," ಎಂದಳು.

ಮರುದಿನ ಅಂಗಡಿಗೆ ಹೋದೆವು. ಬಾಗಿಲಲ್ಲಿ ಭಾವನನ್ನು ಕಂಡದ್ದೇ ಅಂಗಡಿಯವರು ಹಣೆ ಒತ್ತಿಕೊಂಡರು. ಇವರನ್ನು ಅಲ್ಲಿ 'ಇನ್ಸ್‌ಪೆಕ್ಟರು' ಎಂದೇ ಕರೆಯುತ್ತಾರಂತೆ. ಏಳು ವರ್ಷದಲ್ಲಿ ಪ್ರತಿ ಪೆಟ್ಟಿಗೆಯ ಬೆನ್ನನ್ನೂ ತಿರುಗಿಸಿ ನೋಡಿದ್ದಾರೆ, ಒಂದರ ಮುಖವನ್ನೂ ನೋಡಿಲ್ಲ. ಅವತ್ತೂ ಟಾರ್ಚ್ ಹಿಡಿದು ತೂತುಗಳನ್ನು ಎಣಿಸಲು ಕೂತರು. ಒಂಬತ್ತು ಸ್ಪೀಕರ್‌ಗೆ ಜಾಗವಿದೆ, ಹನ್ನೊಂದಕ್ಕೆ ಏರಿಸಬಹುದಾ? ಏರಿಸಬಹುದು. ತಂತ್ರಾಂಶ ಇಂಟರ್‌ನೆಟ್ಟಿನಿಂದ ತಾನೇ ಹೊಸದಾಗುತ್ತದಾ? ಆಗುತ್ತದೆ. ಎಷ್ಟು ವರ್ಷ?

"ಸಾರ್, ಇವತ್ತಿಗೆ ಏನೇನಿದೆಯೋ ಅದೆಲ್ಲ ಇದರಲ್ಲಿದೆ," ಎಂದರು ಅಂಗಡಿಯವರು. ಅಷ್ಟಕ್ಕೇ ಸುಮ್ಮನಿರಬಾರದೇ? ಪಾಪ, ಸತ್ಯವಂತರು. "ಮೂರು ತಿಂಗಳಿಗೆ ಹೊಸ ಮಾಡೆಲ್ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ," ಎಂದುಬಿಟ್ಟರು.

ಭಾವ ಟಾರ್ಚ್ ಆರಿಸಿ ಎದ್ದು ನಿಂತರು. ಆ ನಿಲುವು ನನಗೆ ಗೊತ್ತು. "ದುಡ್ಡು ಕೊಟ್ಟು ಬನ್ನಿ," ಎಂದು ಹೇಳಿ ನಾನು ಡಬ್ಬವನ್ನು ತಬ್ಬಿಕೊಂಡು ಹೊರಗೆ ನಡೆದೆ. ಹನ್ನೆರಡು ಕಿಲೋ ಇತ್ತು, ಸೊಂಟ ಇನ್ನೂ ನೋಯುತ್ತದೆ. ಹಿಂದಿನಿಂದ ಭಾವ, "ನಿಧಾನ, ನಿಧಾನ, ಬೀಳಿಸ್ಬೇಡ," ಅನ್ನುತ್ತ ಬಂದರು.

ಜೋಡಿಸುವ ಕೆಲಸದಲ್ಲಿ ಮಾತ್ರ ಅವರತ್ತ ಬೆರಳು ತೋರಿಸುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಏಳು ಸ್ಪೀಕರ್ ಗೋಡೆ ಏರಿದ್ದವು. ಉಳಿದದ್ದು ಒಂದು ಶಾಸ್ತ್ರ. ಪೆಟ್ಟಿಗೆಯ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ಅದನ್ನು ಕೂರುವ ಜಾಗದಲ್ಲಿ ಇಟ್ಟರೆ, ಒಂದೊಂದೇ ಸ್ಪೀಕರ್ ಸದ್ದು ಹೊರಡಿಸುತ್ತದೆ. ಗುಂಯ್ ಎಂದು ತಳದಿಂದ ಹೊರಟು, ಏರುತ್ತ ಏರುತ್ತ ಕೊನೆಗೆ ಸೂಜಿಯ ಮೊನೆಯಷ್ಟು ಸಣ್ಣಗೆ ಕೀರಿ ನಿಲ್ಲುತ್ತದೆ. ಅದನ್ನು ಮೈಕು ಕೇಳಿಸಿಕೊಂಡು ರಿಸೀವರ್‌ಗೆ ಕೋಣೆಯ ಅಳತೆ ಹೇಳುತ್ತದೆ. ಅಷ್ಟು ಹೊತ್ತು ಯಾರೂ ಉಸಿರೆತ್ತಬಾರದು.

ಅಕ್ಕನ ಕುರ್ಚಿಯ ಮೇಲೆ ಮೈಕು ಕೂತಿತು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಅಕ್ಕ. ಭಾವ ಬಾಯಿಯ ಮೇಲೆ ಬೆರಳಿಟ್ಟು ಗುಂಡಿ ಒತ್ತಿದರು. ಸದ್ದು ಹೊರಟಿತು, ಏರಿತು. ಅದು ಇನ್ನೂ ಏರುತ್ತಿರುವಾಗಲೇ ಅಕ್ಕ, "ಚೆನ್ನಾಗಿ ಬಂತಲ್ಲ," ಎಂದಳು.

ಅಳತೆ ಕೆಟ್ಟಿತು. "ಮಾತಾಡ್ಬಾರ್ದು," ಎಂದು ಭಾವ ಮೊದಲಿನಿಂದ ಶುರು ಮಾಡಿದರು. ಸದ್ದು ಹೊರಟಿತು, ಏರಿತು. "ಇಷ್ಟು ಹೊತ್ತು ಸುಮ್ನಿದ್ದೆ ನೋಡಿ," ಎಂದಳು ಅಕ್ಕ. ಮತ್ತೆ ಕೆಟ್ಟಿತು. ಮೂರನೆಯ ಸಲವೂ ಹಾಗೇ ಆಯಿತು. ನನಗೆ ಅಕ್ಕನ ಮೇಲೂ ರೇಗಿಹೋಯಿತು. ಏಳು ವರ್ಷ ಬಾಯಿ ಬಿಡದವಳು ಈಗಲೇ ಮಾತಾಡಬೇಕೇ?

"ಮುಗಿಯೋವರೆಗೂ ಸುಮ್ನಿರೇ ಅಕ್ಕ," ಎಂದೆ.

"ಮುಗೀತಲ್ಲೇ. ಸದ್ದು ನಿಂತ್ಮೇಲೆ ತಾನೇ ಮಾತಾಡಿದ್ದು?"

ಭಾವ ನನ್ನನ್ನು ನೋಡಿದರು. ಮಶೀನ್ ರೂಮಿನಲ್ಲಿ ಹಗ್ಗದ ಸದ್ದು ಕೇಳಿಯೇ ಯಾವ ಮಹಡಿಯಲ್ಲಿ ದೋಷವಿದೆ ಎಂದು ಹೇಳುವ ಮನುಷ್ಯ. ಮೂರು ಸಲವೂ ಅವಳು ಬಾಯಿ ತೆರೆದದ್ದು ಒಂದೇ ಜಾಗದಲ್ಲಿ ಎಂದು ಅವರಿಗೆ ಹೊಳೆದಿತ್ತು. ನಾಲ್ಕನೆಯ ಸಲ ಗುಂಡಿ ಒತ್ತಿದರು, ಆದರೆ ಈ ಸಲ ನೋಡಿದ್ದು ಅವಳ ಮುಖವನ್ನು. ಸದ್ದು ಅರ್ಧ ಏರುವಷ್ಟರಲ್ಲಿ ಅಕ್ಕನ ಹುಬ್ಬು ಸಡಿಲವಾಯಿತು. ಉಳಿದರ್ಧ ನನಗೂ ಅವರಿಗೂ ಕಿವಿ ಕೊರೆಯುತ್ತಿತ್ತು, ಅವಳು ಆರಾಮಾಗಿ ಕೂತಿದ್ದಳು. ಹದಿನೈದು ದಿನ ಮೇಜಿನ ಮೇಲಿದ್ದ ಚಾರ್ಟು ಅವರಿಗೆ ಅರ್ಥವಾದದ್ದು ಆಗ.

ಅವರು ಮೈಕನ್ನು ಕಿತ್ತು ಪಕ್ಕಕ್ಕಿಟ್ಟರು. ಅಕ್ಕನನ್ನೇ ಕುರ್ಚಿಯಲ್ಲಿ ಕೂರಿಸಿದರು. ಸಿನಿಮಾ ಹಾಕಿ, ರಿಮೋಟ್ ಹಿಡಿದು, ಮಾತು ಬರುವ ನಡುವಿನ ಸ್ಪೀಕರನ್ನು ಒಂದೊಂದೇ ಅಂಕಿ ಏರಿಸುತ್ತ ಹೋದರು. "ಈಗ?" ಅಕ್ಕ ತಲೆಯಾಡಿಸಿದಳು, ಇಲ್ಲ. ಇನ್ನೂ ಏರಿಸಿದರು. ನನ್ನ ಕಿವಿಗೆ ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಅಷ್ಟರಲ್ಲಿ ಅಕ್ಕ ಮುಂದಕ್ಕೆ ಬಾಗಿದಳು.

"ಈ ಹುಡುಗಿ ದನಿ ಅವಳದ್ದಲ್ಲ. ಬೇರೆ ಯಾರೋ ಮಾತಾಡಿದಾರೆ," ಎಂದಳು. ಇಪ್ಪತ್ತಾರು ವರ್ಷದ ಆಪರೇಟರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ನೋಡಿ ಹಿಗ್ಗಿದ ಹಿಂದೆಯೇ ನನಗೆ ಕೋಪವೂ ಬಂತು, ಇದನ್ನು ಏಳು ವರ್ಷದ ಹಿಂದೆಯೇ ಮಾಡಿದ್ದರೆ ಇಷ್ಟು ಕೀಚಲಾಗಿ ಏರಿಸಬೇಕಾಗುತ್ತಿರಲಿಲ್ಲವಲ್ಲ ಎಂದು.

ಭಾವ ಕುರ್ಚಿಯ ಹಿಂದೆ ನಿಂತು, ಮೀಸೆಯೊಳಗೇ ಏನೋ ಕೇಳಿದರು. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, "ಹೂಂ, ಆಗ್ಲಿ ಬಿಡಿ," ಎಂದಳು.

"ನಾನು ಏನ್ ಕೇಳ್ದೆ?" ಭಾವ ಮುಂದೆ ಬಂದು ನಿಂತರು.

"ಏನೋ ಕೇಳಿದ್ರಿ."

"ಮಾತು ಸರಿಯಾಗಿ ಕೇಳಿಸ್ತಿದ್ಯಾ ಅಂತ ಕೇಳ್ದೆ."

"ಸಿನಿಮಾದ್ದು ಕೇಳಿಸ್ತಿದೆ," ಎಂದಳು ಅಕ್ಕ. "ನಿಮ್ಮದು ಎರಡು ವರ್ಷದಿಂದ ಸರಿಯಾಗಿ ಕೇಳಿಸ್ತಿಲ್ಲ. ನೀವು ಹೇಳೋದು ಹೇಗೂ 'ಮುಂದಿನ ವರ್ಷ' ಅಂತಲೇ ಅಲ್ವಾ. ಅಂದಾಜಿನ ಮೇಲೆ ಹೂಂ ಅಂತಿದ್ದೆ."

ಭಾವ ಸಿನಿಮಾ ನಿಲ್ಲಿಸಿದರು. ಸ್ಟೂಲನ್ನು ಎಳೆದು ಪರದೆಗೆ ಬೆನ್ನು ಹಾಕಿ, ಅವಳ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಬಾಯಿ ಪೂರ್ತಿ ತೆರೆದು, ಬಿಡಿಬಿಡಿಯಾಗಿ ಕೇಳಿದರು.

"ಏನ್ ಹೇಳ್ಲಿ ಹಾಗಾದ್ರೆ?"

ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು.

"ಇವತ್ತಿಂದು ಏನಾದ್ರೂ ಹೇಳಿ," ಎಂದಳು.